ಒಂದು ಪೌಂಡಿನ ಲೆಕ್ಕ

ನಂಜನಗೂಡಿನ ದೇವನೂರಿನ ಕಡೆ ಊಟಕ್ಕೆ ಕೂತವರನ್ನು ಕೇಳುವುದು ಮುದ್ದೆಯ ಲೆಕ್ಕದಲ್ಲಿ. ಹೊಲ ಉತ್ತು ಬಂದವರಿಗೆ ಒಂದು ಹೆಚ್ಚು, ಜಗುಲಿಯಲ್ಲಿ ಕೂತು ಓದುವ ನನ್ನಂಥವರಿಗೆ ಒಂದೇ ಸಾಕು. ತೂಕ ಇಳಿಸಲೆಂದು ಮೊಬೈಲಿಗೆ ಹಾಕಿಕೊಂಡ ಆಪ್ ಅದನ್ನೇ ಕ್ಯಾಲೊರಿಯಲ್ಲಿ ಹೇಳಿತು: ದಿನಕ್ಕೆ 1,500. ಆ ಸಂಖ್ಯೆ ಕಂಡಾಗ ನನಗೆ 1877 ನೆನಪಾಯಿತು.

ಅದು ಧಾತು–ಈಶ್ವರ ಸಂವತ್ಸರಗಳ ಬರ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಿ. ನರಸೀಪುರದ ನೆರೆಯ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಬರ ಕಾಮಗಾರಿಗಳಲ್ಲಿ ಕಲ್ಲು ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ ಕೊಳ್ಳುವಷ್ಟು ಕೂಲಿ, ಮೇಲೆ ಉಪ್ಪು ಖಾರಕ್ಕೆ ಪುಡಿಗಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ ಜನವರಿಯಲ್ಲಿ ಗೊತ್ತುಮಾಡಿದ. ಖಜಾನೆ ಉಳಿಸಲು ಬಂದ ಮನುಷ್ಯ!

ಕ್ಯಾಲೊರಿಯಲ್ಲಿ ಊಟ ಅಳೆಯುವ ಪದ್ಧತಿ ಇನ್ನೂ ಬಂದಿರಲಿಲ್ಲ. ಈಗ ನಾವೇ ಅಳೆಯೋಣ. ಒಂದು ಪೌಂಡ್ ಅಂದರೆ 454 ಗ್ರಾಂ. ರಾಗಿಯಾದರೆ ಸುಮಾರು 1,450 ಕ್ಯಾಲೊರಿ, ಅಕ್ಕಿಯಾದರೆ 1,600ರ ಹತ್ತಿರ. 55 ಕಿಲೋ ತೂಕದ ಗಂಡಸು ಇಡೀ ದಿನ ಮಲಗಿದ್ದರೂ ಉಸಿರು, ಎದೆಬಡಿತ, ಮೈಬಿಸಿಗೆಂದೇ ಸುಮಾರು 1,400 ಖರ್ಚಾಗುತ್ತದೆ. ಹೊರುವ ಕಲ್ಲಿಗೆ ಬೇಕಾದ ಶಕ್ತಿ ಅವನ ಸ್ವಂತ ಮಾಂಸದಿಂದಲೇ ಬರಬೇಕು. ಇಂದಿನ ಐಸಿಎಂಆರ್ ಪಟ್ಟಿಯಲ್ಲಿ ಕಷ್ಟದ ದುಡಿಮೆಯ ಗಂಡಸಿಗೆ (65 ಕಿಲೋ) 3,470 ಎಂದಿದೆ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಇದನ್ನು ಕ್ಯಾಲೊರಿಯ ಹಂಗಿಲ್ಲದೆಯೇ ಕಂಡುಕೊಂಡಿದ್ದ. ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆಕಾಳು ಬೇಕೆಂದು ಜಗಳಕ್ಕೇ ಬಿದ್ದ. ಮೇ ತಿಂಗಳಲ್ಲಿ ಕೂಲಿ ಏರಿತು. ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು.

ಆ ನಾಲ್ಕು ತಿಂಗಳು ಮೈಯೊಳಗೆ ಏನು ನಡೆದಿರಬೇಕು? ಅಮೆರಿಕದ ಮಿನೆಸೋಟದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ 36 ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟ. ದಿನಕ್ಕೆ ಸುಮಾರು 1,570 ಕ್ಯಾಲೊರಿ, ಹೆಚ್ಚುಕಡಿಮೆ ಟೆಂಪಲ್‌ನ ಪೌಂಡೇ. ಮೈತೂಕದ ಕಾಲುಭಾಗ ಕರಗಿತು. ಸುಮ್ಮನಿದ್ದಾಗಿನ ಖರ್ಚನ್ನೂ ಮೈ ಶೇ. 40ರಷ್ಟು ಇಳಿಸಿಕೊಂಡಿತು, ಬಡತನ ಬಂದ ಮನೆ ದೀಪದ ಬತ್ತಿ ಸಣ್ಣ ಮಾಡಿದ ಹಾಗೆ. ಮೂರನೇ ತಿಂಗಳಿಗೆ ನನ್ನ ತೂಕ ಇಳಿಯದೆ ನಿಂತಾಗ ಆಪ್ ನನ್ನ ಶಿಸ್ತನ್ನು ದೂರಿತು. ಈ ಬತ್ತಿಯ ವಿಷಯ ಎತ್ತಲೇ ಇಲ್ಲ.

ಪ್ರಯೋಗ ಮುಗಿದ ಮೇಲೂ ಆ ಯುವಕರಿಗೆ ಎಷ್ಟು ತಿಂದರೂ ಹೊಟ್ಟೆ ತುಂಬಿದಂತಾಗುತ್ತಿರಲಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ಕದ್ದು ತಂದ ಮೂಟೆ ಕಡಲೆಕಾಯಿಯನ್ನು ಒಂದೇ ರಾತ್ರಿ ಕೂತು ಮುಗಿಸುತ್ತಾರೆ. 100 ಗ್ರಾಂ ಕಡಲೆಬೀಜಕ್ಕೆ 500ಕ್ಕೂ ಮೀರಿ ಕ್ಯಾಲೊರಿ. ಬೆಳಿಗ್ಗೆ ಪೊಲೀಸರು ಬರುತ್ತಾರೆ.