ಫ್ಲೂ ಲಸಿಕೆಗೆ ತೋಳು ಕೊಟ್ಟ ವಿದ್ಯಾರ್ಥಿಗಳು

ಫ್ಲೂ ಎಂದರೆ ಕಷಾಯ, ಕಂಬಳಿ, ಮೂರು ದಿನದ ರಜೆ ಎಂಬುದು ಹಾಸ್ಟೆಲ್ ಹುಡುಗರ ಸಾಮಾನ್ಯ ತಿಳಿವಳಿಕೆ. ಅದಕ್ಕೊಂದು ಲಸಿಕೆಯಿದೆ ಎಂದರೆ ಹಲವರಿಗೆ ಅಚ್ಚರಿ. ಇದೆಯೆಂದು ಬಲ್ಲವರೂ ‘ಅದು ವಯಸ್ಸಾದವರಿಗೆ, ನಮಗೇಕೆ?’ ಎಂದುಬಿಡುತ್ತಾರೆ. ಆದರೆ ಈ ಲಸಿಕೆಯ ಶಕ್ತಿ ಮತ್ತು ಮಿತಿ ಎರಡನ್ನೂ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಕಾಲೇಜು ವಿದ್ಯಾರ್ಥಿಗಳೇ ಪ್ರಮುಖರು.

1918ರ ಮಹಾಮಾರಿ ಭಾರತವೊಂದರಲ್ಲೇ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ದುಡಿಯುವ ಪ್ರಾಯದವರೇ ಬಹಳ. ಮನುಷ್ಯರಲ್ಲಿ ಫ್ಲೂ ತರುವ ವೈರಾಣು ಪತ್ತೆಯಾದದ್ದು 1933ರಲ್ಲಿ, ಲಂಡನ್ನಿನಲ್ಲಿ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆಗೆ 1918ರ ನೆನಪು ಕಾಡತೊಡಗಿತು. ಮಿಚಿಗನ್ ವಿಶ್ವವಿದ್ಯಾಲಯದ ಥಾಮಸ್ ಫ್ರಾನ್ಸಿಸ್ ಹಾಗೂ ಮುಂದೆ ಪೋಲಿಯೊ ಲಸಿಕೆಯಿಂದ ಜಗತ್ಪ್ರಸಿದ್ಧರಾದ ಜೋನಾಸ್ ಸಾಲ್ಕ್, ಕೋಳಿಮೊಟ್ಟೆಯಲ್ಲಿ ಬೆಳೆಸಿ ನಿಷ್ಕ್ರಿಯಗೊಳಿಸಿದ ವೈರಾಣುವಿನ ಲಸಿಕೆಯನ್ನು ಸಿದ್ಧಪಡಿಸಿದರು. 1943ರಲ್ಲಿ ಹಲವು ವಿಶ್ವವಿದ್ಯಾಲಯಗಳಲ್ಲಿ ಸೇನೆಯ ತರಬೇತಿಗೆಂದು ಓದುತ್ತಿದ್ದ ಸುಮಾರು 12,500 ಯುವಕರ ಮೇಲೆ ಅದರ ಪರೀಕ್ಷೆ ನಡೆಯಿತು. ಅರ್ಧದಷ್ಟು ಜನಕ್ಕೆ ಲಸಿಕೆ, ಉಳಿದವರಿಗೆ ಬರಿಯ ದ್ರಾವಣ. ಲಸಿಕೆ ಪಡೆದವರಲ್ಲಿ ನೂರಕ್ಕೆ ಸುಮಾರು ಇಬ್ಬರು ಕಾಯಿಲೆ ಬಿದ್ದರೆ, ಪಡೆಯದವರಲ್ಲಿ ಏಳು ಮಂದಿ ಹಾಸಿಗೆ ಹಿಡಿದರು. ಜಯ ಸಿಕ್ಕಿತೆಂದೇ ಎಲ್ಲರೂ ಭಾವಿಸಿದರು.

ಆ ಸಂತೋಷ ಬಹುಕಾಲ ಉಳಿಯಲಿಲ್ಲ. 1947ರ ವಸಂತದಲ್ಲಿ ಅದೇ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಫ್ಲೂ ಹಬ್ಬಿತು. ಲಸಿಕೆ ಹಾಕಿಸಿಕೊಂಡಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ನೂರಕ್ಕೆ ಏಳು ಜನ ಕಾಯಿಲೆ ಬಿದ್ದರು, ಹಾಕಿಸಿಕೊಳ್ಳದವರಲ್ಲಿ ಎಂಟು. ಲಸಿಕೆ ಬದಲಾಗಿರಲಿಲ್ಲ, ವೈರಾಣು ಬದಲಾಗಿತ್ತು. ತನ್ನ ಹೊರಮೈಯನ್ನು ಅದು ಎಷ್ಟು ಮಾರ್ಪಡಿಸಿಕೊಂಡಿತ್ತೆಂದರೆ, ಹಳೆಯ ಲಸಿಕೆಯಿಂದ ಕಲಿತ ದೇಹಕ್ಕೆ ಶತ್ರುವಿನ ಗುರುತೇ ಸಿಗಲಿಲ್ಲ. ಫ್ಲೂ ಲಸಿಕೆಯನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕೆಂಬ ಪಾಠ ಇಲ್ಲಿ ಸ್ಪಷ್ಟವಾಯಿತು. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆಂದೇ ಜಾಗತಿಕ ನಿಗಾ ಜಾಲವನ್ನು ಸ್ಥಾಪಿಸಿತು.

‘ಲಸಿಕೆ ಹಾಕಿಸಿದರೂ ಜ್ವರ ಬಂತು’ ಎಂಬ ದೂರಿನ ಹಿಂದೆ ಈ ಸತ್ಯದ ಒಂದಂಶವಿದೆ. ‘ಲಸಿಕೆಯಿಂದಲೇ ಫ್ಲೂ ಬಂತು’ ಎಂಬ ಮಾತು ಮಾತ್ರ ನಿಜವಲ್ಲ. ನಿಷ್ಕ್ರಿಯ ವೈರಾಣು ರೋಗ ತರಲಾರದು. ತೋಳಿನ ನೋವು, ಒಂದೆರಡು ದಿನದ ಮೈಬಿಸಿ ದೇಹದ ಸಿದ್ಧತೆಯ ಲಕ್ಷಣವಷ್ಟೆ.

ಅಪನಂಬಿಕೆಗೆ ಬೇರೆ ಕಾರಣಗಳೂ ಇವೆ. 1976ರಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಸೈನಿಕ ಶಿಬಿರದಲ್ಲಿ ಹಂದಿ ಜ್ವರ ಕಾಣಿಸಿಕೊಂಡಾಗ ಸರ್ಕಾರ ಅವಸರದಿಂದ ನಾಲ್ಕು ಕೋಟಿಗೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿತು. ಭಯಪಟ್ಟ ಮಹಾಮಾರಿ ಬರಲೇ ಇಲ್ಲ. ಬದಲಿಗೆ ಲಸಿಕೆ ಪಡೆದವರಲ್ಲಿ, ಲಕ್ಷಕ್ಕೆ ಸುಮಾರು ಒಬ್ಬರಂತೆ, ಗಿಯಾನ್-ಬಾರೆ ಎಂಬ ನರದೌರ್ಬಲ್ಯ ಹೆಚ್ಚುವರಿಯಾಗಿ ಕಂಡಿತು. ಡಿಸೆಂಬರಿನಲ್ಲಿ ಕಾರ್ಯಕ್ರಮ ನಿಂತಿತು, ಸಂಶಯ ಉಳಿಯಿತು.

ಜಪಾನಿನ ದಾರಿ ಬೇರೆ. ಅಲ್ಲಿ 1962ರಿಂದ ಶಾಲಾಮಕ್ಕಳಿಗೆ ಫ್ಲೂ ಲಸಿಕೆ ಹಾಕಲಾಯಿತು. ಉದ್ದೇಶ ಮಕ್ಕಳ ರಕ್ಷಣೆಯಷ್ಟೇ ಅಲ್ಲ, ಮಕ್ಕಳಿಂದ ಊರಿಗೆ ಹರಡುವ ಸೋಂಕನ್ನು ತಡೆಯುವುದು. ಅಡ್ಡಪರಿಣಾಮಗಳ ಆತಂಕ, ಪ್ರಯೋಜನದ ಬಗೆಗಿನ ವಿವಾದ ಬೆಳೆದು, 1987ರಲ್ಲಿ ಪೋಷಕರಿಗೆ ನಿರಾಕರಣೆ ಸುಲಭವಾಯಿತು. 1994ರಲ್ಲಿ ಕಾರ್ಯಕ್ರಮವೇ ಕೊನೆಗೊಂಡಿತು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಳೆಯ ಸಾವಿನ ಲೆಕ್ಕಗಳನ್ನು ತೆರೆದು ನೋಡಿತು. ಶಾಲೆಗಳಲ್ಲಿ ಲಸಿಕೆ ನಡೆಯುತ್ತಿದ್ದ ವರ್ಷಗಳಲ್ಲಿ ವರ್ಷಕ್ಕೆ 37,000ದಿಂದ 49,000 ಸಾವುಗಳು ತಪ್ಪಿದ್ದವೆಂದು ಅದು ಅಂದಾಜು ಮಾಡಿತು. ಬದುಕುಳಿದವರಲ್ಲಿ ಹೆಚ್ಚಿನವರು ಮನೆಯ ಹಿರಿಯರು. ಅಂದಾಜಿನ ಗಾತ್ರದ ಬಗ್ಗೆ ಚರ್ಚೆ ಇದೆಯಾದರೂ, ಅದು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಭಾರತದಲ್ಲಿ ಈ ಲಸಿಕೆಯ ಮಾತು ಜನರ ಬಾಯಿಗೆ ಬಂದದ್ದು 2009ರ ಎಚ್1ಎನ್1 ಹಾವಳಿಯ ಬಳಿಕ. ಮರುವರ್ಷ ದೇಶೀಯ ಲಸಿಕೆಯೂ ಬಂತು. ಅಮೆರಿಕದ ವಿದ್ಯಾರ್ಥಿ ಅದನ್ನು ಸ್ವಂತ ಆಯ್ಕೆಯೆಂದು ಬಗೆದ; ಜಪಾನಿನ ಮಗು ಶಾಲೆಯ ಕರ್ತವ್ಯವೆಂದು ಸಾಲಿನಲ್ಲಿ ನಿಂತಿತು. ನಮ್ಮ ವಿದ್ಯಾರ್ಥಿಯ ‘ನಮಗೇಕೆ?’ ಎಂಬ ಪ್ರಶ್ನೆಗೆ ಉತ್ತರ ಬಹುಶಃ ರಜೆಗೆ ಊರಿಗೆ ಹೋದಾಗ, ಜಗಲಿಯ ಮೇಲೆ ಅವನ ದಾರಿ ಕಾಯುತ್ತ ಕುಳಿತ ಅಜ್ಜಿಯಲ್ಲಿದೆ.