ಅಹವಾಲು ಸಭೆ ನಮ್ಮೂರಿಗೆ ಬಂದ ಕಥೆ

ಪರಿಸರ ಅಹವಾಲು ಸಭೆಗಳ ವರದಿಗೆ ಹೋದಾಗಲೆಲ್ಲ ನಮ್ಮ ಕಿವಿಗೆ ಒಂದು ಮಾತು ಬಿದ್ದೇ ಬೀಳುತ್ತದೆ: “ಎಲ್ಲಾ ಮೊದಲೇ ತೀರ್ಮಾನ ಆಗಿರುತ್ತೆ, ನಾವು ಹೇಳಿದ್ರೆ ಏನಾಗುತ್ತೆ ಬಿಡಿ.” ಈ ಬೇಸರಕ್ಕೆ ಕಾರಣ ಇಲ್ಲದಿಲ್ಲ. ಆದರೆ ಆ ಶಾಮಿಯಾನ, ಆ ಮೈಕು, ಜಿಲ್ಲಾಧಿಕಾರಿ ಎದುರು ನಿಂತು ಮಾತಾಡುವ ಆ ಐದು ನಿಮಿಷ ಯಾರೋ ಉದಾರವಾಗಿ ಕೊಟ್ಟಿದ್ದಲ್ಲ. ನಮ್ಮ ಅಪ್ಪ-ಅಮ್ಮಂದಿರು ನಮ್ಮ ವಯಸ್ಸಿನಲ್ಲಿದ್ದಾಗ ಅಂಥ ಸಭೆಯೇ ಇರಲಿಲ್ಲ. ಅದು ಹೇಗೆ ಬಂತು ಎಂದು ತಿಳಿದರೆ, ಅದನ್ನು ಬಳಸುವುದು ಹೇಗೆ ಎಂಬುದೂ ತಿಳಿಯುತ್ತದೆ.

ಕಾನೂನಿಗೂ ಮೊದಲು ಶಿರಸಿ

ಹಿಂದೆ ಅಣೆಕಟ್ಟೋ ಕಾರ್ಖಾನೆಯೋ ಬರುತ್ತದೆ ಎಂದರೆ ಹಳ್ಳಿಯವರಿಗೆ ಗೊತ್ತಾಗುತ್ತಿದ್ದದ್ದು ಸರ್ವೆ ಕಲ್ಲು ನೆಟ್ಟಾಗ. 1894ರ ಭೂಸ್ವಾಧೀನ ಕಾಯ್ದೆಯಡಿ, ಹೋಗುವ ಜಮೀನಿನಲ್ಲಿ ಹಕ್ಕಿದ್ದವರು ತಕರಾರು ಅರ್ಜಿ ಕೊಡಬಹುದಿತ್ತು. ಆದರೆ ಹೊಳೆಯ ಕೆಳಗಿನ ಊರಿನ ಮೀನುಗಾರರು, ಕಾಡಿನಿಂದ ಸೊಪ್ಪು ಸೌದೆ ತರುವವರು, ಧೂಳು ಕುಡಿಯಬೇಕಾದ ಪಕ್ಕದ ಊರಿನವರು ಯಾರ ಲೆಕ್ಕದಲ್ಲೂ ಇರಲಿಲ್ಲ.

ಉತ್ತರ ಕನ್ನಡದಲ್ಲಿ ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ ಅಲ್ಲಿನ ತೋಟಿಗರು ಬೇರೆ ದಾರಿ ಹಿಡಿದರು. 1981ರ ಜನವರಿಯಲ್ಲಿ ಶಿರಸಿಯ ತೋಟಗಾರ್ಸ್ ಸೊಸೈಟಿ, ಅಂದರೆ ನಮ್ಮ ಜನ ಟಿಎಸ್ಎಸ್ ಎನ್ನುವ ಅಡಿಕೆ ಬೆಳೆಗಾರರ ಸಹಕಾರ ಸಂಘ, ಒಂದು ವಿಚಾರ ಸಂಕಿರಣ ಕರೆಯಿತು. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳೂ ರೈತರೂ ಒಟ್ಟಿಗೆ ಕೂತರು. ಯೋಜನೆಯಿಂದ ಬರುವ ಲಾಭವನ್ನೂ, ಮುಳುಗುವ ಕಾಡು-ತೋಟದ ನಷ್ಟವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮುಂದೆ ಆ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು.

ಆಗ ಅಹವಾಲು ಸಭೆ ನಡೆಸಬೇಕೆಂಬ ಕಾನೂನು ಇರಲಿಲ್ಲ. ಜನ ತಾವೇ ಸಭೆ ಮಾಡಿಕೊಂಡರು. “ಬೇಡ” ಎಂದಷ್ಟೇ ಹೇಳದೆ, ಯಾಕೆ ಬೇಡ ಎಂಬುದಕ್ಕೆ ಲೆಕ್ಕ ಬರೆದಿಟ್ಟರು.

1994ರಲ್ಲಿ ಅರ್ಧ ಬಾಗಿಲು, 1997ರಲ್ಲಿ ಪೂರ್ತಿ

ಭೋಪಾಲ್ ಅನಿಲ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿಯಲ್ಲಿ 1994ರ ಜನವರಿ 27ರಂದು ಪರಿಸರ ಪರಿಣಾಮ ಮೌಲ್ಯಮಾಪನದ ಅಧಿಸೂಚನೆ ಹೊರಟಿತು. ದೊಡ್ಡ ಯೋಜನೆ ಶುರುವಾಗುವ ಮೊದಲೇ ಅದರಿಂದ ನೀರು, ಗಾಳಿ, ಮಣ್ಣು, ಜನರಿಗೆ ಏನಾಗುತ್ತದೆ ಎಂದು ವರದಿ ಮಾಡಿಸಬೇಕು ಎಂದಾಯಿತು. ಆದರೆ ಜನರ ಅಭಿಪ್ರಾಯ ಕೇಳುವುದು ಕಡ್ಡಾಯ ಆಗಲಿಲ್ಲ. ಕೇಳಬೇಕೋ ಬೇಡವೋ ಎಂಬುದು ಮೇಲಿನವರ ಮರ್ಜಿಗೆ ಬಿಟ್ಟಿತ್ತು.

1997ರ ಏಪ್ರಿಲ್ 10ರ ತಿದ್ದುಪಡಿ ಅದನ್ನು ಬದಲಿಸಿತು. ಅಹವಾಲು ಸಭೆ ಕಡ್ಡಾಯವಾಯಿತು. 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸು ಬರಬೇಕು, ಅದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಇರಬೇಕು ಎಂದಾಯಿತು. ಸಭೆ ನಡೆಸುವ ಸಮಿತಿಯಲ್ಲಿ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳಿಗೂ ಊರಿನ ಹಿರಿಯ ನಾಗರಿಕರಿಗೂ ಜಾಗ ಇತ್ತು.

ಕಾಗದದಲ್ಲಿ ಹೀಗಿದ್ದರೂ ಸಭೆಗಳು ದೂರದ ಊರಲ್ಲಿ ನಡೆಯುವುದು, ವರದಿ ಕೈಗೆ ಸಿಗದಿರುವುದು ಇದ್ದೇ ಇತ್ತು. ಇಂಥ ದೂರುಗಳು ಗುಜರಾತ್ ಹೈಕೋರ್ಟಿಗೆ ಹೋದವು. ಯೋಜನೆಯ ಜಾಗಕ್ಕೆ ಹತ್ತಿರದಲ್ಲೇ ಸಭೆ ಆಗಬೇಕು, ವರದಿಯ ಸಾರಾಂಶ ಜನರ ಭಾಷೆಯಲ್ಲಿ ಸಿಗಬೇಕು ಎಂದು ಆ ಕೋರ್ಟು 2000ದಲ್ಲಿ ಹೇಳಿತು.

2006: ಕೊಟ್ಟದ್ದೂ ಕಸಿದದ್ದೂ

ಈಗ ನಡೆಯುವ ಸಭೆಗಳಿಗೆ ಆಧಾರ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಅದು ಜನಾಭಿಪ್ರಾಯಕ್ಕೆ ಎರಡು ದಾರಿ ಇಟ್ಟಿದೆ: ಸಭೆಯಲ್ಲಿ ಮಾತು, ಮತ್ತು ಬರಹದಲ್ಲಿ ಆಕ್ಷೇಪಣೆ. ಸಭೆಯನ್ನು ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಅವರು ಬರದಿದ್ದರೆ ಕನಿಷ್ಠ ಅಪರ ಜಿಲ್ಲಾಧಿಕಾರಿ ದರ್ಜೆಯವರದು. ಪೂರ್ತಿ ಸಭೆಯ ವಿಡಿಯೊ ಆಗಬೇಕು.

ಕಸಿದದ್ದೂ ಉಂಟು. ಊರಿನ ಹಿರಿಯರಿದ್ದ ಸಮಿತಿ ಮಾಯವಾಯಿತು. ಕೆಲವು ಬಗೆಯ ಯೋಜನೆಗಳಿಗೆ ಸಭೆಯಿಂದಲೇ ವಿನಾಯಿತಿ ಸಿಕ್ಕಿತು. ಸಭೆಗೆ ಕೋರಂ ಬೇಕಿಲ್ಲ. ಹತ್ತು ಜನ ಬಂದರೂ ಸಭೆ ಸಭೆಯೇ. ಹಾಗಾಗಿ “ಬಹಿಷ್ಕಾರ ಹಾಕಿದರೆ ಸಭೆ ನಿಲ್ಲುತ್ತದೆ” ಎಂಬ ಲೆಕ್ಕಾಚಾರ ಎಷ್ಟೋ ಸಲ ಕೈಕೊಡುತ್ತದೆ.

ಇನ್ನೊಂದು ಮಾತು. ಅಲ್ಲಿ ಓಟು ಹಾಕಿಸುವುದಿಲ್ಲ. ಸಾವಿರ ಜನ “ಬೇಡ” ಅಂದರೂ ಅಷ್ಟಕ್ಕೇ ಯೋಜನೆ ಬೀಳುವುದಿಲ್ಲ. ತೀರ್ಮಾನಕ್ಕೆ ಮುನ್ನ ಕಡತ ನೋಡುವುದು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಕೂರುವ ತಜ್ಞರ ಸಮಿತಿ. ಅವರು ನಿಮ್ಮೂರಿನ ಹಳ್ಳ ನೋಡಿರುವುದಿಲ್ಲ. ಅವರ ಮುಂದೆ ಇರುವುದು ಕಂಪನಿಯ ವರದಿ ಮತ್ತು ನಿಮ್ಮ ಸಭೆಯ ನಡಾವಳಿ. ಜನ ಎತ್ತಿದ ಮುಖ್ಯ ಪರಿಸರ ಪ್ರಶ್ನೆಗಳಿಗೆ ಅಂತಿಮ ವರದಿಯಲ್ಲಿ ಉತ್ತರ ಇರಲೇಬೇಕು ಎಂದು ಅಧಿಸೂಚನೆ ಹೇಳುತ್ತದೆ.

ಗೋವಾದ ಒಂದು ಗಣಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2009ರಲ್ಲಿ ಇದನ್ನೇ ಗಟ್ಟಿ ಮಾಡಿತು. ಸಭೆಯಲ್ಲಿ ಬಂದ ಆಕ್ಷೇಪಣೆಗಳನ್ನು ತಜ್ಞರ ಸಮಿತಿ ಯಾಕೆ ಒಪ್ಪಿತು, ಯಾಕೆ ಬಿಟ್ಟಿತು ಎಂಬುದಕ್ಕೆ ಕಾರಣ ಕೊಡಬೇಕು ಎಂದಿತು. ಅಂದರೆ ನಡಾವಳಿಯಲ್ಲಿ ದಾಖಲಾದ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಲೇಬೇಕು. ದಾಖಲಾಗದ ಕೂಗು ಶಾಮಿಯಾನ ಬಿಚ್ಚುವ ಹೊತ್ತಿಗೆ ಹೋಗಿರುತ್ತದೆ.

2020: ಕನ್ನಡದ ಪ್ರಶ್ನೆ

ಕೊರೊನಾ ಬೀಗಮುದ್ರೆಯ ದಿನಗಳಲ್ಲಿ ಕೇಂದ್ರ ಸರ್ಕಾರ ಹೊಸ ಕರಡು ಅಧಿಸೂಚನೆ ಹೊರಡಿಸಿತು. ಅದರಲ್ಲಿ ಅಹವಾಲು ಸಭೆಗೆ ಮುಂಚಿನ 30 ದಿನದ ಅವಧಿಯನ್ನು 20 ದಿನಕ್ಕೆ ಇಳಿಸುವ ಪ್ರಸ್ತಾಪ ಇತ್ತು. ಕರಡಿನ ಬಗ್ಗೆ ಜನ ಅಭಿಪ್ರಾಯ ಹೇಳಬೇಕಿತ್ತು, ಆದರೆ ಅದು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಸಂವಿಧಾನದ 8ನೇ ಪರಿಚ್ಛೇದದ ಎಲ್ಲ 22 ಭಾಷೆಗಳಿಗೆ ಅನುವಾದ ಮಾಡಿಸಿ ಎಂದು ದೆಹಲಿ ಹೈಕೋರ್ಟು ಜೂನ್ 30ರಂದು ಹೇಳಿತು. ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಸ್ಥಳೀಯ ಭಾಷೆಗಳಲ್ಲಿ ಸರಿಯಾದ ಪ್ರಚಾರ ಆಗಿಲ್ಲ ಎಂಬ ಅರ್ಜಿಯ ಮೇಲೆ, ಅಂತಿಮ ಅಧಿಸೂಚನೆ ಹೊರಡಿಸದಂತೆ ಕೆಲಕಾಲ ತಡೆ ಕೊಟ್ಟಿತು. ದೇಶದ ಎಲ್ಲ ಕಡೆಯಿಂದ ಲಕ್ಷಗಟ್ಟಲೆ ಪತ್ರಗಳು ಹೋದವು. ಆ ಕರಡು ಆ ರೂಪದಲ್ಲಿ ಜಾರಿಗೆ ಬರಲೇ ಇಲ್ಲ.

ಹಾಗಾದರೆ ನಾವೇನು ಬರೆಯಬೇಕು?

2025ರ ಸೆಪ್ಟೆಂಬರ್‌ನಲ್ಲಿ 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಶಿವಮೊಗ್ಗ ಜಿಲ್ಲೆಯಲ್ಲೂ ಉತ್ತರ ಕನ್ನಡದ ಗೇರುಸೊಪ್ಪದಲ್ಲೂ ಸಭೆಗಳಾದವು. ನಾಳೆ ಕಲ್ಲು ಕ್ವಾರಿಯೋ ಸಿಮೆಂಟ್ ಕಾರ್ಖಾನೆಯೋ ನಿಮ್ಮೂರಿಗೂ ಬರಬಹುದು.

ನೋಟಿಸು ಕಂಡ ದಿನವೇ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಕರಡು ವರದಿ ಕೇಳಿ. ಕನ್ನಡದ ಸಾರಾಂಶ ಓದಿ. ವರದಿಯಲ್ಲಿ ಬಿಟ್ಟುಹೋದದ್ದನ್ನು ಗುರುತು ಹಾಕಿ: ಬೇಸಿಗೆಯಲ್ಲೂ ಬತ್ತದ ಒರತೆ, ಶಾಲೆಗೆ ಇರುವ ದೂರ, ದನ ನೀರು ಕುಡಿಯುವ ಕೆರೆ, ಎಷ್ಟು ಕೊಳವೆಬಾವಿ, ಎಷ್ಟು ಆಳ. ಇದು ಬೇಡ್ತಿಯ ತೋಟಿಗರು ಮಾಡಿದ ಕೆಲಸವೇ. ಒಂದು ಹಾಳೆ ಕನ್ನಡದಲ್ಲಿ ಬರೆದರೂ ಸಾಕು. ಎರಡು ಪ್ರತಿ ಮಾಡಿ, ಒಂದನ್ನು ಮಂಡಳಿಯ ಕಚೇರಿಗೆ ಕೊಟ್ಟು ಇನ್ನೊಂದಕ್ಕೆ ಸೀಲು ಹಾಕಿಸಿಕೊಳ್ಳಿ. ಯೋಜನೆ ಬೇಕು ಎನ್ನುವವರಿಗೂ ಇದೇ ದಾರಿ. ಯಾವ ಷರತ್ತಿನ ಮೇಲೆ ಬೇಕು ಎಂದು ಬರೆಯಿರಿ.

ಸಭೆ ಮುಗಿದ ಕೂಡಲೇ ಬೈಕ್ ಹತ್ತಬೇಡಿ. ಜನ ಹೇಳಿದ್ದನ್ನೆಲ್ಲ ಬರೆದುಕೊಂಡು, ಕೊನೆಗೆ ಅದನ್ನು ಸ್ಥಳೀಯ ಭಾಷೆಯಲ್ಲಿ ಎಲ್ಲರ ಮುಂದೆ ಓದಿ ಹೇಳಬೇಕು ಎಂಬ ನಿಯಮ ಇದೆ. “ಸಾರ್, ನಡಾವಳಿ ಓದಿ” ಎಂದು ಕೇಳಿ. ನಿಮ್ಮ ಮಾತು ಅದರಲ್ಲಿ ಬಂದಿಲ್ಲವಾದರೆ ಅಲ್ಲೇ ಸೇರಿಸಿ ಎಂದು ಹೇಳಿ.