ಭಂಡಾರಿಗ, ಗ್ರಂಥಪಾಲಕ, ಮೇಲ್ವಿಚಾರಕ: ಊರಿನ ಪುಸ್ತಕಾಲಯದ ವೃತ್ತಿಯ ಚರಿತ್ರೆ

ಕನ್ನಡ ನಾಡಿನಲ್ಲಿ ಪುಸ್ತಕಗಳನ್ನು ಕಾಯ್ದು ಓದುವವರ ಕೈಗೆ ಕೊಡುವ ವೃತ್ತಿಯವನಿಗೆ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಹೆಸರುಗಳು ಸಂದಿವೆ. ಅವುಗಳಲ್ಲಿ ಮೂರು ಮುಖ್ಯವಾದವು. ಹೆಸರು ಬದಲಾದಂತೆ ಆ ವೃತ್ತಿಗೆ ದೊರೆತ ಮರ್ಯಾದೆಯೂ ಬದಲಾಗಿದೆ. ಅದು ಏರುತ್ತಲೇ ಬಂದಿತೆಂದು ಮಾತ್ರ ಹೇಳುವ ಹಾಗಿಲ್ಲ.

ಮೊದಲನೆಯ ಹೆಸರು ಶಾಸನದಲ್ಲಿದೆ. ಈಗಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ಇರುವ ನಾಗಾವಿಯ ಕ್ರಿ. ಶ. 1058ರ ಶಾಸನವು, ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅಲ್ಲಿ ಘಟಿಕಾಸ್ಥಾನವೊಂದನ್ನು ಕಟ್ಟಿಸಿ ಅದಕ್ಕೆ ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ವೇದಾಧ್ಯಯನ ಮಾಡುವ ವಿದ್ಯಾರ್ಥಿಗಳು 200 ಮಂದಿ. ಶಾಸ್ತ್ರಗಳನ್ನು ಓದುವವರು ಬೇರೆ. ಇವರಿಗೆ ಪಾಠ ಹೇಳುವ ಉಪಾಧ್ಯಾಯರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರೂ ನಿಯಮಿತರಾಗಿದ್ದರು. ಒಂದು ವಿದ್ಯಾಸ್ಥಾನಕ್ಕೆ ಪುಸ್ತಕ ನೋಡಿಕೊಳ್ಳುವವರು ಆರು ಮಂದಿ ಎಂಬ ಸಂಖ್ಯೆಯೇ ಆಶ್ಚರ್ಯಕರವಾದುದು. ಅದಕ್ಕಿಂತ ಗಮನಾರ್ಹವಾದುದು, ಉಪಾಧ್ಯಾಯರಿಗೆ ಬಿಟ್ಟಂತೆಯೇ ಇವರ ಜೀವನಕ್ಕೂ ಭೂಮಿಯನ್ನು ಬಿಟ್ಟಿರುವುದು. ದತ್ತಿ ಬಿಟ್ಟವನ ದೃಷ್ಟಿಯಲ್ಲಿ ಭಂಡಾರಿಗನು ಪರಿಚಾರಕನಾಗಿರಲಿಲ್ಲ. ಅವನೂ ವಿದ್ವಾಂಸವರ್ಗಕ್ಕೆ ಸೇರಿದವನೇ.

ಪುಸ್ತಕದಾನದ ವಿಷಯದಲ್ಲಿ ನಮ್ಮ ಸಾಹಿತ್ಯ ಚರಿತ್ರೆಗಳು ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಮೊದಲು ಸ್ಮರಿಸುತ್ತವೆ. ಆಕೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಅದು ಮಹತ್ಕಾರ್ಯವೇ ಸರಿ. ಆದರೆ ಪ್ರತಿ ಮಾಡಿಸುವುದು ಬೇರೆ, ಪ್ರತಿಯನ್ನು ಉಳಿಸಿಕೊಂಡು ಬೇಕಾದವನಿಗೆ ಬೇಕಾದಾಗ ಒದಗಿಸುವುದು ಬೇರೆ. ಮೊದಲನೆಯದಕ್ಕೆ ಔದಾರ್ಯ ಸಾಕು. ಎರಡನೆಯದಕ್ಕೆ ಪ್ರತಿದಿನದ ವಿದ್ಯೆ ಬೇಕು. ಓಲೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಹುಳು ಬೀಳದಂತೆ ನೋಡಿಕೊಂಡವರ ಹೆಸರುಗಳು ಎಲ್ಲಿಯೂ ಉಳಿದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿಯೇ ಈ ವಿದ್ಯೆಗೆ ಒಳ್ಳೆಯ ನಿದರ್ಶನವುಂಟು: ಶೃಂಗೇರಿ ಮಠದ ಕಡತಗಳು. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆದ ಈ ಲೆಕ್ಕಪತ್ರಗಳು ಮಳೆಗಾಲಗಳನ್ನು ದಾಟಿ ಚರಿತ್ರಕಾರರಿಗೆ ಒದಗಿವೆ. ಕಾಗದದ ಪುಸ್ತಕಗಳ ಕಪಾಟಿಗೆ ಆ ಸೀಮೆಯ ಮುಂಗಾರು ಏನು ಮಾಡುತ್ತದೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಎರಡನೆಯ ಹೆಸರು ‘ಗ್ರಂಥಪಾಲಕ’ ಎಂಬುದು. ಆಧುನಿಕ ಅರ್ಥದಲ್ಲಿ ಇದಕ್ಕೆ ತೇಜಸ್ಸನ್ನು ತಂದುಕೊಟ್ಟವರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅಗ್ರಗಣ್ಯರು. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಪ್ರಾಚ್ಯ ಗ್ರಂಥಭಂಡಾರವು ಸ್ಥಾಪಿತವಾಯಿತು. ಅಲ್ಲಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಕಟ್ಟುಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವೂ ಇತ್ತು. ಗ್ರಂಥಪಾಲಕರಾಗಿದ್ದ ಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪುಸ್ತಕರೂಪವಾಗಿ ಹೊರತಂದರು. ಈ ವೃತ್ತಾಂತವನ್ನು ಸಾಮಾನ್ಯವಾಗಿ ಸಂಶೋಧನೆಯ ಚರಿತ್ರೆಯಲ್ಲಿ ಹೇಳುವುದು ವಾಡಿಕೆ. ವಾಸ್ತವವಾಗಿ ಇದು ಗ್ರಂಥಪಾಲಕನ ನಿತ್ಯಕರ್ಮದ ಚರಿತ್ರೆಗೂ ಸೇರಬೇಕು. ಬಂದ ಕಟ್ಟನ್ನು ಬಿಚ್ಚಿ, ಇದು ಏನೆಂದು ಓದಿ ತಿಳಿದು, ಪಟ್ಟಿಯಲ್ಲಿ ಸರಿಯಾದ ಹೆಸರು ಬರೆಯುವುದು ಅವನ ಪ್ರತಿದಿನದ ಕೆಲಸ. ಓದಲಾರದವನು ಆ ಸ್ಥಾನದಲ್ಲಿದ್ದಿದ್ದರೆ ಕಟ್ಟು ಭದ್ರವಾಗಿಯೇ ಉಳಿಯುತ್ತಿತ್ತು. ಗ್ರಂಥ ಮಾತ್ರ ಸಿಕ್ಕುತ್ತಿರಲಿಲ್ಲ.

ಪಟ್ಟಿ ಬರೆಯುವುದು ಗುಮಾಸ್ತೆಯ ಕೆಲಸವೆಂಬ ಭಾವನೆ ಈಗಲೂ ಬಲವಾಗಿರುವುದರಿಂದ ಈ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಹೇಳುವುದು ಅನಾವಶ್ಯಕವಲ್ಲ. ಕವಿರಾಜಮಾರ್ಗವನ್ನು ಯಾರ ಹೆಸರಿನ ಕೆಳಗೆ ಬರೆಯಬೇಕು, ನೃಪತುಂಗನದೋ ಶ್ರೀವಿಜಯನದೋ? ವಿದ್ವಾಂಸರು ಬಹುಕಾಲ ಚರ್ಚಿಸಿದ ಈ ಪ್ರಶ್ನೆಗೆ ಗ್ರಂಥಪಾಲಕನು ಒಂದು ಚೀಟಿಯ ಮೇಲೆ ಉತ್ತರ ಕೊಡಬೇಕಾಗುತ್ತದೆ, ಇಲ್ಲವೆ ಎರಡೂ ಹೆಸರುಗಳಲ್ಲಿ ಚೀಟಿಯಿಟ್ಟು ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸಬೇಕಾಗುತ್ತದೆ. ‘ಶ್ರೀನಿವಾಸ’ರ ಕಥೆಗಳನ್ನು ಕೇಳಿದವನಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಕಪಾಟನ್ನೂ, ಅಂಬಿಕಾತನಯದತ್ತರನ್ನು ಕೇಳಿದವನಿಗೆ ಬೇಂದ್ರೆಯವರನ್ನೂ ತೋರಿಸಬೇಕು. ಘಟ್ಟದ ಕೆಳಗಿನ ನಂದಳಿಕೆಯ ಲಕ್ಷ್ಮೀನಾರಣಪ್ಪನವರಂತೂ ತಮ್ಮ ಹೊಸ ಕೃತಿಯನ್ನು ಹಳೆಯ ಪ್ರತಿಯೆಂಬಂತೆ ಮೈಸೂರಿಗೆ ಕಳುಹಿಸಿ, ಮುದ್ದಣನೆಂಬ ಹೆಸರಿನಲ್ಲಿ ಉಳಿದರು. ಇನ್ನು ವರ್ಗೀಕರಣ. 1876ರಲ್ಲಿ ಮೊದಲು ಪ್ರಕಟವಾಗಿ ಲೋಕದಲ್ಲೆಲ್ಲ ಹರಡಿದ ಡ್ಯೂಯಿಯ ದಶಾಂಶ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಸುಲಭವಾದ ಸಂಖ್ಯೆ. ಸಾವಿರ ವರ್ಷಕ್ಕೆ ಮೀರಿದ ಕನ್ನಡ ಸಾಹಿತ್ಯವು ‘ಇತರ’ ಭಾಷೆಗಳ ಮೂಲೆಯಲ್ಲಿ 894.814 ಎಂಬ ಸಂದಿಯೊಳಗೆ ಸೇರಿದೆ. ಕಪಾಟಿನ ತುಂಬ ಕನ್ನಡ ಪುಸ್ತಕಗಳೇ ಇರುವ ಊರಿನ ಪುಸ್ತಕಾಲಯದಲ್ಲಿ ಈ ಪದ್ಧತಿಯನ್ನು ಹೇಗೆ ಹೊಂದಿಸಿಕೊಳ್ಳಬೇಕೆಂಬುದು ತಜ್ಞನು ಆಲೋಚಿಸಬೇಕಾದ ವಿಷಯ.

ಪ್ರಾಚ್ಯ ಗ್ರಂಥಭಂಡಾರವು ವಿದ್ವಾಂಸರದು. ಸರ್ವಜನರದಾದ ಪುಸ್ತಕಾಲಯವು ಮೈಸೂರು ಸಂಸ್ಥಾನದಲ್ಲಿ ನೆಲೆಗೊಂಡುದು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1915ರಲ್ಲಿ ನಿರ್ಮಿತವಾದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವೇ ಮುಂದೆ ರಾಜ್ಯದ ಕೇಂದ್ರ ಗ್ರಂಥಾಲಯವಾಯಿತು. ಬಡೋದೆಯಲ್ಲಿ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಬಾರ್ಡನ್ ಎಂಬ ಅಮೆರಿಕದ ಗ್ರಂಥಪಾಲಕನನ್ನು ಕರೆಸಿ, ತರಬೇತಿಯ ಶಾಲೆಯನ್ನೂ ಹಳ್ಳಿಗಳಿಗೆ ಪುಸ್ತಕದ ಪೆಟ್ಟಿಗೆಗಳನ್ನು ಕಳುಹಿಸುವ ಏರ್ಪಾಡನ್ನೂ ಮಾಡಿದ್ದರು. ಮದರಾಸು ಪ್ರಾಂತದಲ್ಲಿ 1931ರಲ್ಲಿ ಮನ್ನಾರ್‌ಗುಡಿಯ ಸುತ್ತಣ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಾಲಯ ಹೊರಟಿತು. ಅದೇ ವರ್ಷ ಎಸ್. ಆರ್. ರಂಗನಾಥನ್ ಅವರ ಪುಸ್ತಕಾಲಯ ಶಾಸ್ತ್ರದ ಐದು ಸೂತ್ರಗಳ ಗ್ರಂಥವು ಪ್ರಕಟವಾಯಿತು. ಪುಸ್ತಕವಿರುವುದು ಬಳಕೆಗೆಂದೂ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವುಂಟೆಂದೂ ಹೇಳಿದ ಆ ಶಾಸ್ತ್ರದಲ್ಲಿ ಗ್ರಂಥಪಾಲಕನು ಕಾವಲುಗಾರನಲ್ಲ, ಇಬ್ಬರನ್ನು ಪರಿಚಯಮಾಡಿಸುವ ಮಧ್ಯಸ್ಥ. ಅವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿದರು. 1962ರಲ್ಲಿ ಅಲ್ಲಿ ಉನ್ನತ ಶಿಕ್ಷಣ ಸಂಸ್ಥೆಯೊಂದನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ಕಾಲವಾದರು.

ಕಾನೂನಿನ ವಿಷಯದಲ್ಲಿ ಒಂದು ವಿಚಿತ್ರವನ್ನು ಗಮನಿಸಬಹುದು. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದವರಿಗೆ 1948ರ ಮದರಾಸಿನ ಶಾಸನ, ಹೈದರಾಬಾದಿಗೆ ಸೇರಿದ್ದ ಕಲಬುರಗಿ, ರಾಯಚೂರು, ಬೀದರಿನವರಿಗೆ 1955ರ ಹೈದರಾಬಾದಿನ ಶಾಸನ ಮೊದಲೇ ದೊರೆತಿದ್ದವು. ಹಳೆಯ ಮೈಸೂರಿನ ಚಿಕ್ಕಮಗಳೂರು ಕಾದುಕೊಂಡಿರಬೇಕಾಯಿತು. ಏಕೀಕರಣವಾದ ಒಂಬತ್ತು ವರ್ಷಗಳ ಮೇಲೆ, 1965ರಲ್ಲಿ, ಇಡೀ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವಾಗಿ, 1966ರಲ್ಲಿ ಆಚರಣೆಗೆ ಬಂದಿತು. ಅದರಲ್ಲಿ ಎರಡು ಗುಣಗಳು ಮುಖ್ಯ: ಪುಸ್ತಕಾಲಯಕ್ಕೆಂದೇ ತೆರಿಗೆಯ ಮೇಲೆ ಕರವಿಟ್ಟುದು, ತರಬೇತಾದ ನೌಕರರನ್ನು ಸರ್ಕಾರಿ ಸೇವೆಗೆ ಸೇರಿಸಿದುದು. ನಗರ, ಜಿಲ್ಲೆ, ತಾಲ್ಲೂಕು ಕೇಂದ್ರಗಳಲ್ಲಿ ಇದರ ಫಲ ಕಾಣಿಸಿತು. ಮನೆ ಕಟ್ಟಡಗಳ ತೆರಿಗೆಗೆ ಹೊಂದಿಕೊಂಡ ಕರವಾದುದರಿಂದ ದೊಡ್ಡ ಊರಿಗೆ ದೊಡ್ಡ ವರಮಾನ, ಸಣ್ಣ ಊರಿಗೆ ಸಣ್ಣದು ಎಂಬುದೂ ಸಹಜವಾಗಿ ಕಾಣಿಸಿತು.

ಹಳ್ಳಿಗೆ ಬಂದುದು ಮೂರನೆಯ ಹೆಸರು. ಮುಂದಿನ ದಶಕಗಳಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳನ್ನು ತೆರೆಯುತ್ತ ಹೋದಾಗ ಅವುಗಳನ್ನು ನಡೆಸುವವನಿಗೆ ಗ್ರಂಥಪಾಲಕನೆಂಬ ಹೆಸರು ದೊರೆಯಲಿಲ್ಲ, ‘ಮೇಲ್ವಿಚಾರಕ’ನೆಂದು ಕರೆದರು. ಸಂಬಳವಿಲ್ಲ, ಗೌರವಧನ, ದಿನದ ಕೆಲವು ಗಂಟೆಗಳ ಕೆಲಸ. ಮೇಲ್ವಿಚಾರಣೆಗೆ ಒಳಪಡಲು ಅವನ ಕೈಕೆಳಗೆ ಇನ್ನೊಬ್ಬನಿಲ್ಲವೆಂಬುದನ್ನು ಹೆಸರಿಟ್ಟವರು ಆಲೋಚಿಸಿದಂತೆ ತೋರುವುದಿಲ್ಲ. ಬಾಗಿಲು ತೆರೆಯುವವನು, ಗುಡಿಸುವವನು, ಪತ್ರಿಕೆ ಹರಡುವವನು, ಪುಸ್ತಕ ಕೊಡುವವನು ಎಲ್ಲವೂ ಅವನೊಬ್ಬನೇ. ರಾಜ್ಯದಲ್ಲಿ ಇಂಥ ಗ್ರಂಥಾಲಯಗಳು 5,600ಕ್ಕೂ ಮೀರಿವೆ.

ಸಣ್ಣ ಊರಿನ ಸಣ್ಣ ಪುಸ್ತಕಾಲಯಕ್ಕೆ ಸ್ವಲ್ಪ ವಿದ್ಯೆ ಸಾಕೆಂಬ ಊಹೆ ಈ ಏರ್ಪಾಡಿನ ತಳದಲ್ಲಿದೆ. ಈ ಊಹೆ ಎಷ್ಟು ಸರಿಯೆಂಬುದನ್ನು ಅತ್ತಿಗುಂಡಿಯಂಥ ಊರನ್ನು ಮುಂದಿಟ್ಟುಕೊಂಡು ಪರೀಕ್ಷಿಸಬಹುದು. (ಈ ಅತ್ತಿಗೂ ಅತ್ತಿಮಬ್ಬೆಗೂ ನಂಟು ಕಲ್ಪಿಸಬೇಕಾಗಿಲ್ಲ, ನಿರುಕ್ತಿಪ್ರಿಯರು ಕ್ಷಮಿಸಬೇಕು.) ಚಿಕ್ಕಮಗಳೂರಿನಿಂದ ಕೈಮರದ ಮೇಲೆ ಬಾಬಾಬುಡನ್‌ಗಿರಿಗೆ ಏರುವ ಮಾರ್ಗದಲ್ಲಿ, ಮುಳ್ಳಯ್ಯನಗಿರಿಯ ನೆರೆಯಲ್ಲಿರುವ ಈ ಊರಿನ ಸುತ್ತಲೂ ಕಾಫಿಯ ತೋಟಗಳು. ಬಾಬಾಬುಡನರು ಏಳು ಬೀಜಗಳನ್ನು ತಂದರೆಂದು ಐತಿಹ್ಯ ಹೇಳುವ ಬೆಟ್ಟವೇ ಇದು. ಇಲ್ಲಿ ಬಯಲುಸೀಮೆಯಂತೆ ಜನ ಒತ್ತಾಗಿ ಒಂದೆಡೆ ವಾಸಿಸುವುದಿಲ್ಲ. ಮನೆಗಳು ಚದುರಿವೆ, ಕೂಲಿಯವರು ತೋಟದ ಲೈನುಗಳಲ್ಲಿದ್ದಾರೆ. ನವಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲಿನ ಕಾಲ. ಬೆಳಕಿರುವ ಹೊತ್ತೆಲ್ಲ ಕೈಗೆ ಬಿಡುವಿಲ್ಲ. ಜೂನಿನಿಂದ ಸೆಪ್ಟಂಬರಿನವರೆಗೆ ಮಳೆ. ಓದಲು ಬಿಡುವಿದ್ದರೂ ದಾರಿ ನಡೆಯಲು ಅನುಕೂಲವಿಲ್ಲ, ಪುಸ್ತಕಕ್ಕೂ ಬೂಷ್ಟು. ಸರ್ಕಾರದ ಗಂಟೆಗಳಿಗೆ ಬಾಗಿಲು ತೆರೆದು ಕುಳಿತವನ ಬಳಿಗೆ ಇಂಥಲ್ಲಿ ಓದುಗನು ಬರುವುದೆಂದು? ಮನ್ನಾರ್‌ಗುಡಿಯ ಎತ್ತಿನ ಗಾಡಿಯ, ಬಡೋದೆಯ ಪೆಟ್ಟಿಗೆಯ ತರ್ಕವು ಬಯಲಿಗಿಂತ ಹೆಚ್ಚಾಗಿ ಬೆಟ್ಟಕ್ಕೆ ಒಪ್ಪುವಂಥದು.

ಭಾಷೆಯ ಪ್ರಶ್ನೆ ಇನ್ನೂ ಕಠಿನವಾದುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ತೋಟಗಳಿಗೆ ಕೂಲಿಯವರು ತಲೆಮಾರುಗಳಿಂದ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಬಂದವರು. ಇತ್ತೀಚೆಗೆ ಅಸ್ಸಾಮಿನಷ್ಟು ದೂರದಿಂದಲೂ ಬರುತ್ತಿದ್ದಾರೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ತಮಿಳು, ಉರ್ದು ಇವೆಲ್ಲ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಕನ್ನಡ ಎಂಬ ಮಗುವಿಗೆ ಮೊದಲ ಕಥೆಪುಸ್ತಕ ಯಾವುದಾಗಬೇಕು? ಅಕ್ಷರ ಬಾರದ ತಾಯಿಗೆ ಪುಸ್ತಕಾಲಯದಿಂದ ಏನು ದೊರೆಯಬೇಕು? ಬೆಳೆಗಾರನ ಪ್ರಶ್ನೆಗಳಿಗೆ ಬಾಳೆಹೊನ್ನೂರಿನ ಬಳಿ 1925ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರವೂ ಅದರ ಗ್ರಂಥಾಲಯವೂ ಇವೆ. ಕೊಯ್ಯುವವನ ಪಾಲಿಗೆ ತೋಟದಲ್ಲಿ ತನ್ನ ಹೆಸರಿರುವ ಪುಸ್ತಕವೆಂದರೆ ರೈಟರು ಬರೆಯುವ ಚೆಕ್‌ರೋಲು. 1951ರ ತೋಟ ಕಾರ್ಮಿಕರ ಅಧಿನಿಯಮವು ವಸತಿ, ವೈದ್ಯ, ಮನರಂಜನೆಗಳನ್ನು ಹೇಳಿ, ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು ಇಪ್ಪತ್ತೈದಕ್ಕೆ ಮೀರಿದ ತೋಟದಲ್ಲಿ ವಿದ್ಯಾಭ್ಯಾಸಕ್ಕೂ ಅವಕಾಶ ಕಲ್ಪಿಸಿತ್ತು. ಶಾಲೆ ಬಿಟ್ಟ ಮೇಲಿನ ಓದು ಆ ಲೆಕ್ಕಕ್ಕೆ ಬಂದಿರಲಿಲ್ಲ. ಅದನ್ನು ಲೆಕ್ಕಕ್ಕೆ ತರಬೇಕಾದವನು ಊರಿನ ಪುಸ್ತಕಾಲಯದವನೇ. ಆಯ್ಕೆಯನ್ನೂ ಋತುವನ್ನೂ ನುಡಿಯನ್ನೂ ಪುಸ್ತಕರಕ್ಷಣೆಯನ್ನೂ ಒಬ್ಬನೇ ಬಲ್ಲವನಾಗಿರಬೇಕಾದ ಈ ಸ್ಥಾನವು ನಗರದ ದೊಡ್ಡ ಭವನದ ಒಂದು ವಿಭಾಗದಲ್ಲಿ ಕುಳಿತವನ ಸ್ಥಾನಕ್ಕಿಂತ ಹೆಚ್ಚಿನ ತಜ್ಞತೆಯನ್ನು ಕೇಳುತ್ತದೆ. ದೊರೆತಿರುವುದು ಅತ್ಯಲ್ಪ ತರಬೇತಿ.

ಮೇಲ್ವಿಚಾರಕರಲ್ಲಿ ತಾವಾಗಿಯೇ ಕಲಿತು ಸೊಗಸಾಗಿ ನಡೆಸಿದವರು ಇಲ್ಲವೆಂದಲ್ಲ. 2020ರಲ್ಲಿ ರೋಗದ ಕಾರಣ ಶಾಲೆಗಳು ಮುಚ್ಚಿದ್ದಾಗ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡುದು ಇವರ ಶ್ರಮದಿಂದಲೇ. ಅನಂತರ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ವೆಂಬ ಹೊಸ ಹೆಸರೂ ಬಂದಿತು. ಆದರೆ ಅದಕ್ಕೆ ಮುಂಚೆ, 2019ರಲ್ಲಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಬೇರ್ಪಡಿಸಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಇದರಿಂದ ಕಟ್ಟಡ, ದೀಪ, ಯಂತ್ರಗಳ ಅನುಕೂಲ ಹೆಚ್ಚಿತೆಂಬುದನ್ನು ಒಪ್ಪಬೇಕು. ಜೊತೆಗೆ ಇನ್ನೊಂದೂ ಆಯಿತು: 1965ರ ಅಧಿನಿಯಮವು ಕಟ್ಟಿದ ತರಬೇತಾದವರ ಸೇವಾವರ್ಗವು ಒಂದು ಇಲಾಖೆಯಲ್ಲಿಯೂ, ಹಳ್ಳಿಯ ಪುಸ್ತಕ ಕಾಯುವವನು ಇನ್ನೊಂದರಲ್ಲಿಯೂ ಉಳಿದರು. ಚಿಕ್ಕಮಗಳೂರಿನ ಜಿಲ್ಲಾ ಗ್ರಂಥಾಲಯದಲ್ಲಿ ವರ್ಗೀಕರಣ ಬಲ್ಲವನು, ಬೆಟ್ಟದ ಮೇಲಿನ ಊರಿನಲ್ಲಿ ಕಪಾಟಿನ ಮುಂದೆ ನಿಂತವನು, ಇವರಿಬ್ಬರೂ ಈಗ ಒಂದೇ ಪಟ್ಟಿಯ ನೌಕರರಲ್ಲ. ಒಬ್ಬನ ವಿದ್ಯೆ ಇನ್ನೊಬ್ಬನಿಗೆ ಇಳಿಯಬೇಕಾದರೆ ಎರಡು ಇಲಾಖೆಗಳ ನಡುವೆ ಪತ್ರವ್ಯವಹಾರವಾಗಬೇಕು.